ಪೇಸ್ಲಿಪ್ ಕೊಡುತ್ತಾರಾ ಅಂತ ಮೊದಲು ಕೇಳು

ತಂಗಿ, ನೀನು ಬರೆದದ್ದು ಓದಿದೆ. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ಗೆ ಎಂ.ಎಸ್‌ಸಿ. ಓದಲು ಬಂದಿದ್ದೀಯ. ಪಾಕಿಸ್ತಾನದವರ ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಗುವ ಹಾಗಿದೆ, ಆದರೆ ದಾವಣಗೆರೆಯಲ್ಲಿ ಅಮ್ಮ ಬೇಡ ಅನ್ನುತ್ತಿದ್ದಾರೆ. ಸೇರಲಾ, ಬಿಡಲಾ ಅಂತ ಕೇಳಿದ್ದೀಯ. ಜೊತೆಗೆ ಚಳಿ, ಊಟ, ಮನೆಯಲ್ಲೇ ಬ್ಲೌಸ್ ಹೊಲಿದು ದುಡಿಯಬಹುದಾ ಅನ್ನೋದು.

ಚಳಿಗೆ ಜಾಕೆಟ್ ಇಲ್ಲೇ ತಗೋ. ಊಟದ್ದು ತಾನಾಗಿ ದಾರಿಗೆ ಬರುತ್ತದೆ.

ಕೆಲಸಕ್ಕೆ ಸೇರು. ನಾನು ಬಂದಾಗ ನಮ್ಮ ಮನೆಯಲ್ಲೂ ಇದೇ ಭಯ ಇತ್ತು. ಅಮ್ಮನಿಗೆ ಹೀಗೆ ಹೇಳು: ಈ ಊರಿನ ಪಾಕಿಸ್ತಾನಿಗಳಲ್ಲಿ ಬಹಳ ಮನೆಗಳ ಮೂಲ ಪಾಕಿಸ್ತಾನದ ಹಿಡಿತದಲ್ಲಿರುವ ಕಾಶ್ಮೀರದ ಮೀರ್‌ಪುರ. 1960ರ ದಶಕದಲ್ಲಿ ಮಂಗ್ಲಾ ಅಣೆಕಟ್ಟು ಕಟ್ಟಿದಾಗ ಅಲ್ಲಿ ಲಕ್ಷದಷ್ಟು ಜನ ಹೊಲ ಮನೆ ಕಳೆದುಕೊಂಡರು. ಆ ಕಾಲದಲ್ಲಿ ಬಂದವರು ಇಲ್ಲಿನ ಉಣ್ಣೆ ಮಿಲ್‌ಗಳಲ್ಲಿ ರಾತ್ರಿ ಪಾಳಿ ಮಾಡಿದರು. ಮಿಲ್‌ಗಳು ಮುಚ್ಚಿದ ಮೇಲೆ ಟ್ಯಾಕ್ಸಿ ಓಡಿಸಿದರು, ಅಂಗಡಿ ಇಟ್ಟರು. ಹತ್ತಿ ಮಿಲ್ ಮುಚ್ಚಿದ್ದು ನೋಡಿದ ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಅಂಗಡಿ ಯಾರದು ಅನ್ನೋದಕ್ಕಿಂತ ಸಂಬಳ ಹೇಗೆ ಕೊಡುತ್ತಾರೆ ಅನ್ನೋದು ನೋಡು. ನಾನು ಹೊಸದರಲ್ಲಿ ಸೇರಿದ್ದು ನಮ್ಮ ಕಡೆಯವರದೇ ಅಂಗಡಿಗೆ. 'ನಮ್ಮ ಹುಡುಗಿ' ಅನ್ನುತ್ತಿದ್ದರು, ಹಬ್ಬಕ್ಕೆ ಕರೆದು ಹೋಳಿಗೆ ಬಡಿಸುತ್ತಿದ್ದರು. ಸಂಬಳ ಕವರಿನಲ್ಲಿ, ಚೀಟಿ ಗೀಟಿ ಏನೂ ಇಲ್ಲ. ಮೊದಲು ಗಂಟೆ ಕಡಿಮೆ ಬರೆದರು, ಆಮೇಲೆ ಕೊಡುವುದನ್ನೇ ನಿಲ್ಲಿಸಿದರು. ಕೇಳಿದಾಗ 'ನೀನು ಇಲ್ಲಿ ಕೆಲಸ ಮಾಡಿದ್ದಕ್ಕೆ ಏನಿದೆ ದಾಖಲೆ?' ಅಂದರು. ಅಪ್ಪನ ಕಣ್ಣಿನ ಆಪರೇಷನ್‌ಗೆ ಆ ದುಡ್ಡು ಕಳಿಸುತ್ತೇನೆ ಅಂತ ಮಾತು ಕೊಟ್ಟಿದ್ದೆ. ಅಣ್ಣ ಸಾಲ ಮಾಡಿ ಮಾಡಿಸಿದ. ಅಪ್ಪ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು ಅಂತ ಈಗಲೂ ಅನ್ನಿಸುತ್ತದೆ.

ಅದಾದ ಮೇಲೆ ಲಾಹೋರ್ ಕಡೆಯ ಒಬ್ಬ ಹೆಂಗಸಿನ ಅಂಗಡಿಗೆ ಹೋದೆ. ಅವರು ಮೊದಲ ದಿನವೇ ಪಾಸ್‌ಪೋರ್ಟ್, ವೀಸಾ, ನ್ಯಾಷನಲ್ ಇನ್ಶೂರೆನ್ಸ್ ನಂಬರ್ (ಇಲ್ಲಿ ದುಡಿಯುವವರಿಗೆ ಸರ್ಕಾರ ಕೊಡುವ ನಂಬರ್) ಕೇಳಿದರು. ನನಗೆ ಸ್ವಲ್ಪ ಬೇಜಾರೂ ಆಯಿತು. ತಿಂಗಳ ಕೊನೆಗೆ ಪೇಸ್ಲಿಪ್ ಕೈಗೆ ಬಂದಾಗ ಸಮಾಧಾನವಾಯಿತು. ಪೇಸ್ಲಿಪ್ ಇಲ್ಲಿ ಕಾನೂನಿನ ಹಕ್ಕು. 21 ತುಂಬಿದವರಿಗೆ ಗಂಟೆಗೆ ಕನಿಷ್ಠ ಕೂಲಿ 2025ರ ಏಪ್ರಿಲ್‌ನಲ್ಲಿ 12.21 ಪೌಂಡ್ ಆಯಿತು. ಪ್ರತಿ ಏಪ್ರಿಲ್‌ನಲ್ಲಿ ಬದಲಾಗುತ್ತದೆ, ನೋಡಿಕೋ. ಗಂಟೆಗಳನ್ನು ನೀನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು.

ಅಂಗಡಿಯಲ್ಲಿ ಜಾಸ್ತಿ ಹೋಗೋದು ಅನ್‌ಸ್ಟಿಚ್ಡ್ ತ್ರೀ ಪೀಸ್. ಕಮೀಜ್, ಸಲ್ವಾರ್, ದುಪಟ್ಟಾ ಮೂರರ ಬಟ್ಟೆ ಒಂದೇ ಕವರಿನಲ್ಲಿ. ಬೇಸಿಗೆಗೆ ತೆಳು ಲಾನ್ ಬಟ್ಟೆ, ಚಳಿಗೆ ಖದ್ದರ್, ಲಿನನ್. ಖಾಡಿ, ಗುಲ್ ಅಹ್ಮದ್ ಅಂತ ಪಾಕಿಸ್ತಾನದ ಬ್ರ್ಯಾಂಡ್‌ಗಳ ಹೆಸರು ಹಿಡಿದೇ ಕೇಳುತ್ತಾರೆ. ಕೈಯಲ್ಲಿ ಮುಟ್ಟಿ ಬಟ್ಟೆ ಗುರುತಿಸುವುದನ್ನು ಕಲಿ. ಇವತ್ತು ನಾನು ಕಣ್ಣು ಮುಚ್ಚಿ ಹೇಳುತ್ತೇನೆ. ಮಾಲೀಕರ ಜೊತೆ ಹಿಂದಿ ನಡೆಯುತ್ತದೆ. ಮೀರ್‌ಪುರದ ಅಜ್ಜಿಯರು ಆಡೋದು ಪಹಾಡಿ. ಮೊದಮೊದಲು ಕಷ್ಟ ಆಗುತ್ತದೆ, ಅವರೇ ಕೈ ಹಿಡಿದು ತೋರಿಸುತ್ತಾರೆ.

ಈದ್ ಹಿಂದಿನ ಚಾಂದ್ ರಾತ್‌ಗೆ ಅಂಗಡಿ ಬಹಳ ಹೊತ್ತಿನವರೆಗೆ ತೆರೆದಿರುತ್ತದೆ. ವಾಪಸ್ ಹೋಗೋದು ಹೇಗೆ ಅಂತ ಮೊದಲೇ ಮಾತಾಡಿಕೋ. ಸ್ಟೂಡೆಂಟ್ ವೀಸಾದಲ್ಲಿ ಟರ್ಮ್ ಇರುವಾಗ, ಅಂದರೆ ಓದು ನಡೆಯುವ ತಿಂಗಳುಗಳಲ್ಲಿ, ಕೆಲಸ ವಾರಕ್ಕೆ 20 ಗಂಟೆ ದಾಟಬಾರದು. ಎಂ.ಎಸ್‌ಸಿ.ಯವರಿಗೆ ಪ್ರಾಜೆಕ್ಟ್ ಬರೆಯುವ ಬೇಸಿಗೆಯೂ ಸಾಮಾನ್ಯವಾಗಿ ಟರ್ಮ್ ಲೆಕ್ಕವೇ.

ಬ್ಲೌಸ್ ವಿಷಯ. ಇಲ್ಲಿ ನಮ್ಮ ಥರ ಹೊಲಿಯುವವರು, ಸೆರಗಿಗೆ ಕುಚ್ಚು ಕಟ್ಟುವವರು ನನಗಂತೂ ಸಿಕ್ಕಿಲ್ಲ. ಗಿರಾಕಿ ಖಂಡಿತ ಬರುತ್ತಾರೆ. ಆದರೂ ಈಗ ಬೇಡ. ಸ್ಟೂಡೆಂಟ್ ವೀಸಾದಲ್ಲಿ ಸ್ವಂತ ವ್ಯಾಪಾರ ಮಾಡುವ ಹಾಗಿಲ್ಲ. ಓದು ಮುಗಿದು ಗ್ರಾಜುಯೇಟ್ ವೀಸಾ ಸಿಕ್ಕಿದ ಮೇಲೆ ಶುರು ಮಾಡು, ಆಗ ಅನುಮತಿ ಇದೆ.