ಓದುಗರ ಪತ್ರದ ಪುಟ ನಿಲ್ಲಿಸಬೇಡಿ

ನಿಮ್ಮ ಕನ್ನಡ ಸಂಘದ ಮಾಸಪತ್ರಿಕೆಗೆ ಬೈಗುಳದ ಪತ್ರಗಳೇ ಜಾಸ್ತಿ ಬರುತ್ತಿವೆ, ಓದುಗರ ಪುಟ ತೆಗೆದುಬಿಡೋಣವೇ ಅಂತ ಕೇಳಿದ್ದೀರಿ. ದಯವಿಟ್ಟು ತೆಗೆಯಬೇಡಿ. 1948ರಲ್ಲಿ ಶುರುವಾದ ಪ್ರಜಾವಾಣಿಯ ‘ವಾಚಕರ ವಾಣಿ’ ನೋಡಿ. ಪೇಪರ್ ಕೈಗೆ ಬಂದರೆ ನಾನು ಮೊದಲು ಓದುವುದೇ ಅದನ್ನು. ಅಲ್ಲಿ ಪತ್ರದ ಕೆಳಗೆ ಬರೆದವರ ಹೆಸರು, ಊರು ಇರುತ್ತದೆ. ಗುಟ್ಟು ಇರುವುದೇ ಅಲ್ಲಿ. ಹೆಸರು ಹಾಕಬೇಕು ಅಂದರೆ ಸುಮ್ನೆ ಬೈಯುವವರ ಕೈ ತಡೆಯುತ್ತದೆ, ಅಲ್ವಾ?

ನೀವೂ ಹೆಸರು, ಊರು, ಫೋನ್ ನಂಬರ್ ಕೇಳಿ. ನಂಬರ್ ಖಾತ್ರಿಗಷ್ಟೇ, ಅಚ್ಚು ಮಾಡಬೇಡಿ. ಪತ್ರ ಉದ್ದವಾದರೆ ಕತ್ತರಿಸಿ, ಆದರೆ ಅರ್ಥ ತಿರುಚಬೇಡಿ. ನಿಮ್ಮದೇ ತಪ್ಪು ತೋರಿಸಿದ ಪತ್ರ ಬಂದರೆ ಮಾತ್ರ ತಡ ಮಾಡದೆ ಮುಂದಿನ ಸಂಚಿಕೆಯಲ್ಲೇ ಹಾಕಿ.