ಮಧ್ಯಯುಗದಲ್ಲಿ ಉತ್ತರ ಜರ್ಮನಿಯ ಲ್ಯೂಬೆಕ್, ಹ್ಯಾಂಬರ್ಗ್ ನಗರಗಳು ಒಂದೇ ಅಳತೆಯ ಬೆಳ್ಳಿ ನಾಣ್ಯ ಹೊರಡಿಸಿದ್ದು ಯಾಕೆ?

ಪಕ್ಕದ ಊರು ನಾಣ್ಯದಲ್ಲಿ ಬೆಳ್ಳಿ ಕಡಿಮೆ ಮಾಡಿದರೆ ತಮ್ಮ ಒಳ್ಳೆಯ ನಾಣ್ಯ ಮಾಯವಾಗುತ್ತದೆ ಅನ್ನೋ ಭಯಕ್ಕೆ. ಎರಡಕ್ಕೂ ಸಂತೆಯಲ್ಲಿ ಒಂದೇ ಬೆಲೆ ಇದ್ದರೆ, ಜಾಸ್ತಿ ಬೆಳ್ಳಿ ಇರುವುದನ್ನು ಯಾರು ಖರ್ಚು ಮಾಡುತ್ತಾರೆ? ಕೂಡಿಡುತ್ತಾರೆ, ಇಲ್ಲವೇ ಕರಗಿಸುತ್ತಾರೆ. ಕೈಯಿಂದ ಕೈಗೆ ಓಡಾಡುವುದು ಕಲಬೆರಕೆ ಮಾತ್ರ.

ಅದಕ್ಕೇ 1379ರಲ್ಲಿ ಲ್ಯೂಬೆಕ್, ಹ್ಯಾಂಬರ್ಗ್, ವಿಸ್ಮಾರ್ ಒಪ್ಪಂದ ಮಾಡಿಕೊಂಡವು. ಲ್ಯೂನೆಬರ್ಗ್ ಆಮೇಲೆ ಸೇರಿತು. ಇಷ್ಟು ತೂಕದ ಬೆಳ್ಳಿಗೆ ಇಷ್ಟೇ ನಾಣ್ಯ, ತಾಮ್ರ ಇಷ್ಟೇ ಬೆರೆಸಬೇಕು ಅಂತ ನಿಗದಿ ಮಾಡಿದವು. ಮುಖ್ಯ ನಾಣ್ಯ ವಿಟನ್, ಬೆಲೆ 4 ಫೆನಿಂಗ್ (ಫೆನಿಂಗ್ ಅಂದರೆ ಆಗಿನ ಚಿಲ್ಲರೆ ನಾಣ್ಯ). ಮುದ್ರೆ ಮಾತ್ರ ಆಯಾ ಊರಿನದು: ಲ್ಯೂಬೆಕ್‌ಗೆ ಎರಡು ತಲೆಯ ಹದ್ದು, ಹ್ಯಾಂಬರ್ಗ್‌ಗೆ ಕೋಟೆ. ಕಾಲ ಕಳೆದಂತೆ ಬೆಳ್ಳಿಯ ಪಾಲು ಇಳಿಯಿತು ನಿಜ. ಆದರೂ ರಾಜನ ಆಜ್ಞೆಗೆ ಕಾಯದೆ ವರ್ತಕರ ಊರುಗಳೇ ಕೂತು ಮಾತಾಡಿ ಇದನ್ನು ನಡೆಸಿದ್ದು ಸಣ್ಣ ಸಾಧನೆಯಲ್ಲ.