ಭೂಮಿಯ ಹದ ಕಾಯುವುದು ಜೀವಿಗಳೋ, ಕಲ್ಲು-ಮಳೆಯೋ?

ಜೀವಿಗಳೇ ಸೇರಿ ಭೂಮಿಯನ್ನು ವಾಸಕ್ಕೆ ತಕ್ಕ ಹದದಲ್ಲಿ ಇಟ್ಟಿವೆ ಎನ್ನುವ ಬ್ರಿಟಿಷ್ ವಿಜ್ಞಾನಿ ಜೇಮ್ಸ್ ಲವ್‌ಲಾಕ್ ಅವರ ಗಾಯಾ ವಾದ ನಿಜವೇ, ಬೆಂಗಳೂರಿನಲ್ಲೇ ಅದರ ಸುಳಿವು ಕಾಣಬಹುದೇ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಅರ್ಧ ನಿಜ.

ಹುಟ್ಟಿದಾಗ ಸೂರ್ಯ ಈಗಿಗಿಂತ ಸುಮಾರು ಶೇ 30ರಷ್ಟು ಮಂಕಾಗಿದ್ದ. ಆಮೇಲೆ ಕಾವು ಏರುತ್ತಲೇ ಬಂದರೂ ಸಮುದ್ರ ಬತ್ತಲಿಲ್ಲ. ಸೆಕೆ ಹೆಚ್ಚಾದರೆ ಮಳೆ ಹೆಚ್ಚು, ಕಲ್ಲು ಸವೆಯುವುದೂ ಹೆಚ್ಚು. ಆ ಸವೆತಕ್ಕೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಖರ್ಚಾಗಿ ಹವೆ ತಣಿಯುತ್ತದೆ. ತೀರಾ ತಣಿದರೆ ಸವೆತ ನಿಧಾನವಾಗಿ, ಜ್ವಾಲಾಮುಖಿ ಉಗುಳಿದ ಅನಿಲ ಮತ್ತೆ ಜಮಾಯಿಸುತ್ತದೆ. ಇಷ್ಟಕ್ಕೆ ಜೀವಿಗಳು ಬೇಕಿಲ್ಲ. ಆದರೆ ಇದಕ್ಕೆ ಲಕ್ಷಾಂತರ ವರ್ಷ ಹಿಡಿಯುತ್ತದೆ, ಹೊರವರ್ತುಲ ರಸ್ತೆಯ ಹೊಗೆಗೆ ಮದ್ದಲ್ಲ.

ಜೀವಿಗಳು ಮಾಡುವುದು ಈ ಸವೆತವನ್ನು ಚುರುಕುಗೊಳಿಸುವ ಕೆಲಸ. ಹತ್ತು ಪಟ್ಟು ಹಿಗ್ಗಿಸುವ ಮಸೂರ ಹಿಡಿದು ಲಾಲ್‌ಬಾಗ್ ಬಂಡೆಗೆ ಹೋಗಿ. ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ ಅದು. ಜನ ತುಳಿದು ನುಣುಪಾದ ಜಾಗ ಬಿಟ್ಟು ಅಂಚಿನ ಕಡೆ ಕಲ್ಲುಹೂವಿನ (ಶಿಲೀಂಧ್ರ, ಪಾಚಿ ಕೂಡಿ ಬಾಳುವ ಲೈಕನ್) ಬಿಲ್ಲೆಗಳನ್ನು ಹುಡುಕಿ. ಕೆರೆಯಬೇಡಿ, ಸಂರಕ್ಷಿತ ಸ್ಮಾರಕ. ಕಲ್ಲುಹೂವಿನ ಶಿಲೀಂಧ್ರದ ಎಳೆಗಳು ಹರಳುಗಳ ಸಂದಿಗೆ ಇಳಿದು ಆಕ್ಸಾಲಿಕ್ ಆಮ್ಲ ಬಿಟ್ಟು ಅವನ್ನು ಸಡಿಲಿಸುತ್ತವೆ. ಮರದ ಬೇರಿನ ಕೆಲಸ ಇನ್ನೂ ಜೋರು: ಬೇರು ಮತ್ತು ಸೂಕ್ಷ್ಮಜೀವಿಗಳ ಉಸಿರಿನಿಂದ ಮಣ್ಣೊಳಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹೊರಗಿಗಿಂತ ಹತ್ತಾರು ಪಟ್ಟು ಇರುತ್ತದೆ, ಅಲ್ಲಿನ ನೀರು ಹುಳಿಯಾಗಿ ಕಲ್ಲಿನ ಕ್ಯಾಲ್ಸಿಯಂ ಬಿಡಿಸಿ ಹೊಳೆಗೆ ಸೇರಿಸುತ್ತದೆ. ಸಮುದ್ರದ ಚಿಪ್ಪುಜೀವಿಗಳು ಅದನ್ನು ಸುಣ್ಣಕಲ್ಲಾಗಿಸುತ್ತವೆ.

ಲೆಕ್ಕದಲ್ಲಿ ಹಲವರು ಎಡವುವುದು ಇಲ್ಲೇ. ಒಂದು ಕ್ಯಾಲ್ಸಿಯಂ ಬಿಡಿಸಲು ಎರಡು ಕಾರ್ಬನ್ ಡೈಆಕ್ಸೈಡ್ ಅಣು ಖರ್ಚು. ಚಿಪ್ಪು ಕಟ್ಟುವಾಗ ಒಂದು ವಾಪಸ್ ಬರುತ್ತದೆ. ಕಲ್ಲಿನಲ್ಲಿ ಉಳಿಯುವುದು ಒಂದೇ. ಸೋಡಿಯಂ, ಪೊಟ್ಯಾಸಿಯಂ ಬಿಡಿಸಿದರೆ ಸುಣ್ಣಕಲ್ಲು ಆಗುವುದಿಲ್ಲ, ಹಾಗಾಗಿ ಅವೇ ಹೆಚ್ಚಿರುವ ನಮ್ಮ ನೈಸ್‌ಗಿಂತ, ಕ್ಯಾಲ್ಸಿಯಂ ಹೆಚ್ಚಿರುವ ವಿಜಯಪುರ ಕಡೆಯ ಬಸಾಲ್ಟ್ (ಲಾವಾ ಆರಿ ಆದ ಕಪ್ಪು ಕಲ್ಲು) ಈ ಕೆಲಸಕ್ಕೆ ಎಷ್ಟೋ ಮೇಲು.

ಗಾಯಾ ಪರವಾಗಿ ಎಲ್ಲರೂ ತೋರಿಸುವುದು ಲವ್‌ಲಾಕ್ ಮತ್ತು ಆಂಡ್ರ್ಯೂ ವಾಟ್ಸನ್ 1983ರಲ್ಲಿ ಕೊಟ್ಟ ‘ಡೇಸಿವರ್ಲ್ಡ್’ ಎಂಬ ಕಲ್ಪಿತ ಗ್ರಹದ ಗಣಿತ ಮಾದರಿ. ಬಿಸಿ ಹೀರುವ ಕಪ್ಪು ಹೂ, ಬಿಸಿಲು ಮರಳಿಸುವ ಬಿಳಿ ಹೂ, ಎರಡಕ್ಕೂ 22.5 ಡಿಗ್ರಿ ಸೆಲ್ಸಿಯಸ್ ಹಿತ. ಸೂರ್ಯ ಏರಿದಂತೆ ಬಿಳಿ ಹೆಚ್ಚಿ ಗ್ರಹ ಹದಕ್ಕೆ ನಿಲ್ಲುತ್ತದೆ. ಚೆಂದದ ಗಣಿತ, ಆದರೆ ಹೂವಿಗೆ ಒಳ್ಳೆಯದಾದದ್ದು ಗ್ರಹಕ್ಕೂ ಒಳ್ಳೆಯದು ಅಂತ ಮೊದಲೇ ಹೊಂದಿಸಿಟ್ಟಿದೆ.

ನಿಜದಲ್ಲಿ ಹಾಗಿರಬೇಕೆಂದೇನೂ ಇಲ್ಲ. ಸುಮಾರು 240 ಕೋಟಿ ವರ್ಷದ ಹಿಂದೆ ಸೈನೋಬ್ಯಾಕ್ಟೀರಿಯಾ (ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಸೂಕ್ಷ್ಮಜೀವಿಗಳು) ಬಿಟ್ಟ ಆಮ್ಲಜನಕ ಗಾಳಿಯಲ್ಲಿ ತುಂಬತೊಡಗಿದಾಗ ಅದು ಅಂದಿನ ಬಹುಪಾಲು ಜೀವಿಗಳಿಗೆ ವಿಷ. ಸೂಕ್ಷ್ಮಜೀವಿಗಳು ಬಿಟ್ಟ, ಶಾಖ ಹಿಡಿದಿಡುವ ಮೀಥೇನ್ ಅನಿಲವನ್ನು ಆಮ್ಲಜನಕ ಕಬಳಿಸಿದ್ದರಿಂದಲೇ ಆ ಕಾಲದ ದೊಡ್ಡ ಹಿಮಯುಗ ಬಂತು ಎನ್ನುವ ವಾದಕ್ಕೂ ಬಲವಿದೆ. ಮೀಥೇನ್ ಮಾಡುವ ಆ ಸೂಕ್ಷ್ಮಜೀವಿಗಳ ಕುಲದವು ಇವತ್ತು ಆಮ್ಲಜನಕ ಮುಟ್ಟದ ಕಡೆ ಬದುಕುತ್ತಿವೆ: ಗೋಬರ್ ಗ್ಯಾಸ್ ಗುಂಡಿ, ಹಸುವಿನ ಹೊಟ್ಟೆ, ಬೆಳ್ಳಂದೂರು ಕೆರೆಯ ಹೂಳು.